ಮಾವನವರ ಕಾಲಯಾನವೂ ತಾಮ್ರದ ಹಂಡೆಯೂ

ನಮ್ಮ ಮನೆಯ ಬಾಲ್ಕನಿಯಲ್ಲಿ ಒಂದು ತಾಮ್ರದ ಹಂಡೆಯಿದೆ. ಅದರೊಳಗೆ ನೆಟ್ಟ ಮನಿ ಪ್ಲಾಂಟು ಗ್ರಿಲ್ಲು ಹಿಡಿದುಕೊಂಡು ಮೇಲಕ್ಕೆ ಹೋಗಿದೆ. ಬಂದವರೆಲ್ಲ ಮೊದಲು ನೋಡುವುದು ಅದನ್ನೇ. ಎಷ್ಟು ಚೆನ್ನಾಗಿದೆ, ಈಗೆಲ್ಲ ಇಂಥದ್ದು ಎಲ್ಲಿ ಸಿಗುತ್ತದೆ ಎನ್ನುತ್ತಾರೆ, ಪಕ್ಕದಲ್ಲಿ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ, ಆಮೇಲೆ ಸೋಫಾದ ಮೇಲೆ ಫ್ಯಾನಿನ ಕೆಳಗೆ ಕೂತು ಹಳೆಯ ಕಾಲವೇ ಚೆನ್ನಾಗಿತ್ತು ಎಂದು ಶುರುಮಾಡುತ್ತಾರೆ. ನಾನು ಕಾಫಿಯ ನೆಪ ಹೇಳಿ ಒಳಗೆ ಹೋಗಿಬಿಡುತ್ತೇನೆ. ಏಕೆಂದರೆ ನಮ್ಮ ಮನೆಯಿಂದ ಒಬ್ಬರು ಬಾಯಿಮಾತಿಗಲ್ಲದೆ ನಿಜವಾಗಿಯೇ ಹಳೆಯ ಕಾಲಕ್ಕೆ ಹೊರಟಿದ್ದರು, ಅದೂ ಇದೇ ಹಂಡೆಯನ್ನು ನಂಬಿಕೊಂಡು. ನೆಂಟರ ಮುಂದೆ ಹೇಳುವ ವಿಷಯವಲ್ಲ. ನೀವು ಬೇರೆಯವರಲ್ಲವಲ್ಲ, ಹೇಳುತ್ತೇನೆ.

ಹೊರಟವರು ನಮ್ಮ ಮಾವ. ಸರ್ವೆ ಇಲಾಖೆಯಲ್ಲಿದ್ದು ನಿವೃತ್ತರಾದವರು. ನೌಕರಿಯ ಹೆಚ್ಚಿನ ಕಾಲವನ್ನು ಕ್ಯಾಂಪಿನಲ್ಲೇ ಕಳೆದವರು. ಈ ವಾರ ಮಧುಗಿರಿ, ಮುಂದಿನ ವಾರ ಚಿಂತಾಮಣಿ ಎಂದು ತಿರುಗಾಡಿ, ಶನಿವಾರ ಸಂಜೆ ಹಳೇ ಯಲಹಂಕದ ಮನೆಗೆ ಬಂದು, ಭಾನುವಾರ ಎಣ್ಣೆ ಸ್ನಾನ ಮಾಡಿ ಮಲಗಿ, ಸೋಮವಾರ ಬೆಳಿಗ್ಗೆ ಮತ್ತೆ ಬಸ್ಸು ಹತ್ತುತ್ತಿದ್ದರಂತೆ. ಗಾಳಿ, ಬಿಸಿಲು, ಪ್ರವಾಸಿ ಮಂದಿರದ ಅಡುಗೆ, ಎಲ್ಲ ಸೇರಿ ಅವರನ್ನು ಚೆನ್ನಾಗಿ ಕಾಪಾಡಿವೆ. ಈಗಲೂ ಕೂದಲಿಗೆ ಬಣ್ಣ ಹಚ್ಚಿ, ಬಿಳಿ ಶೂ ಹಾಕಿ ಅಲ್ಲಾಳಸಂದ್ರ ಕೆರೆಯ ಸುತ್ತ ಬಿರಬಿರನೆ ನಡೆದರೆ ಹಿಂದಿನಿಂದ ಯಾರೋ ಕಾಲೇಜು ಲೆಕ್ಚರರ್ ಇರಬೇಕು ಅನ್ನಿಸುತ್ತದೆ. ಅತ್ತೆ ಅವರಿಗಿಂತ ಎಷ್ಟೋ ಚಿಕ್ಕವರು. ಆದರೆ ಮಂಡಿ ಹೋಗಿದೆ, ಬೆನ್ನು ಬಾಗಿದೆ, ಕೂದಲು ಪೂರ್ತಿ ಬೆಳ್ಳಗಾಗಿದೆ. ಯಶವಂತಪುರದ ಒಂದು ಮದುವೆ ಮನೆಯಲ್ಲಿ ಹೆಂಗಸೊಬ್ಬರು ಮಾವನವರನ್ನು ತೋರಿಸಿ, ಅವರು ನಿಮ್ಮ ತಮ್ಮನಾ ಎಂದು ಅತ್ತೆಯನ್ನು ಕೇಳಿದ್ದರು. ಅತ್ತೆ ಎಲೆಯ ಮೇಲಿನ ಹೋಳಿಗೆಯಿಂದ ಕಣ್ಣೆತ್ತದೆ ಹೌದು ಎಂದರು. ತುಂಬಾ ಮುದ್ದಿನಿಂದ ಬೆಳೆಸಿದ್ದೇವೆ ಎಂದೂ ಸೇರಿಸಿದರು.

ಮಾವನವರಿಗೆ ಕಾಲಯಾನದ ಹುಚ್ಚು ಹತ್ತಿಸಿದ್ದು ಟೀವಿ. ಮಧ್ಯಾಹ್ನದ ಹೊತ್ತು ಒಂದು ಸುದ್ದಿವಾಹಿನಿಯವರಿಗೆ ಸುದ್ದಿ ಸಾಲದೆ ಬಂತು ಎಂದು ಕಾಣುತ್ತದೆ, ವರ್ಮ್‌ಹೋಲ್ ಎಂಬ ಬಿಲದ ಮೂಲಕ ಹಿಂದಿನ ಕಾಲಕ್ಕೆ ಹೋಗಬಹುದೇ ಎಂದು ಚರ್ಚೆ ಇಟ್ಟುಕೊಂಡಿದ್ದರು. ಒಬ್ಬ ವಿಜ್ಞಾನಿ, ಒಬ್ಬ ಜ್ಯೋತಿಷಿ. ವಿಜ್ಞಾನಿ ಬಾಯಿ ತೆರೆದಾಗಲೆಲ್ಲ ಜಾಹೀರಾತು ಬರುತ್ತಿತ್ತು. ಜ್ಯೋತಿಷಿಗಳು ಮಾತ್ರ ಇದೆಲ್ಲ ನಮ್ಮವರಿಗೆ ಮೊದಲೇ ಗೊತ್ತಿತ್ತು ಎಂದು ನಿರಾತಂಕವಾಗಿ ಹೇಳುತ್ತಲೇ ಇದ್ದರು. ಕೊನೆಗೆ ನಿರೂಪಕ, ಹೋಗಬಹುದೋ ಇಲ್ಲವೋ ನೀವೇ ತೀರ್ಮಾನಿಸಿ ಎಂದು ಕೈತೊಳೆದುಕೊಂಡ. ನಮ್ಮ ಮಾವ ತೀರ್ಮಾನಿಸಿಬಿಟ್ಟರು.

ಸಂಜೆ ನಾನು ಆರ್.ಟಿ. ನಗರದ ಆಫೀಸಿನಿಂದ ಬರುವುದನ್ನೇ ಕಾಯುತ್ತಿದ್ದರು. ನಾನು ಬಿ.ಎಸ್ಸಿ. ಮಾಡಿದವಳು ಎಂಬ ಒಂದೇ ಕಾರಣಕ್ಕೆ ಈ ಮನೆಯಲ್ಲಿ ಮಿಕ್ಸಿ ನಿಂತರೂ ನನ್ನನ್ನೇ ಕೇಳುವುದು, ಗ್ರಹಣ ಬಂದರೂ ನನ್ನನ್ನೇ ಕೇಳುವುದು. ಭೌತಶಾಸ್ತ್ರದಲ್ಲಿ ನಾನು ಪಾಸಾದದ್ದು ಪರೀಕ್ಷಕರ ದೊಡ್ಡ ಗುಣದಿಂದ ಎಂಬುದನ್ನು ಮದುವೆಯ ಮಾತುಕತೆಯಲ್ಲಿ ನಮ್ಮ ಅಪ್ಪ ಹೇಳಿರಲಿಲ್ಲ. ಹೆಬ್ಬಾಳದ ಫ್ಲೈಓವರ್ ದಾಟಿ ಬಂದವಳಿಗೆ ಕಾಲದ ಬಗ್ಗೆ ಮಾತಾಡುವ ಚೈತನ್ಯವೂ ಇರಲಿಲ್ಲ. ಭಾರವಾದ ವಸ್ತುವಿನ ಹತ್ತಿರ ಕಾಲ ನಿಧಾನವಾಗುತ್ತದೆ ಎಂದು ಪುಸ್ತಕದಲ್ಲಿ ಓದಿದಾಗ ನಂಬಿರಲಿಲ್ಲ. ಏರ್‌ಪೋರ್ಟು ದೇವನಹಳ್ಳಿಗೆ ಹೋದ ಮೇಲೆ ಹೆಬ್ಬಾಳದಲ್ಲಿ ದಿನಾ ಬೆಳಿಗ್ಗೆ ಸಂಜೆ ನಿಂತು ನಿಂತು ನಂಬಿಕೆ ಬಂತು. ಅಲ್ಲಿ ಕೆರೆಯ ಹಕ್ಕಿಗಳು ಮೊಟ್ಟೆಯಿಟ್ಟು, ಮರಿಮಾಡಿ, ಹಾರಿಹೋದರೂ ನಮ್ಮ ಬಸ್ಸು ಮಾತ್ರ ಹೊರಟಿರುವುದಿಲ್ಲ.

ಅಂತೂ ಚಪಾತಿ ಲಟ್ಟಿಸುತ್ತಲೇ ಪಾಠ ಶುರುವಾಯಿತು. ಒಂದು ಚಪಾತಿಯ ಈ ಅಂಚಿಗೊಂದು ಆ ಅಂಚಿಗೊಂದು ಸಾಸಿವೆ ಇಟ್ಟೆ. ಇದು ಇಲ್ಲಿ, ಅದು ಅಲ್ಲಿ. ಮೇಲ್ಮೈ ಮೇಲೆ ನಡೆದರೆ ಬಹಳ ದೂರ. ಚಪಾತಿಯನ್ನೇ ಮಡಚಿ ಎರಡು ಸಾಸಿವೆಯನ್ನೂ ಒಂದರ ಮೇಲೊಂದು ತಂದು ತೂತು ಮಾಡಿದರೆ, ಒಳದಾರಿ. ಅದೇ ವರ್ಮ್‌ಹೋಲ್. ಮಾವ ಪರೀಕ್ಷೆಗೆಂದು ಬೆರಳು ತೂರಿಸಿ ನೋಡಿದರು. ಅತ್ತೆ, ಆ ಚಪಾತಿ ನಿಮಗೇ ಎಂದರು.

ಆಮೇಲಿನ ಕೆಲವು ದಿನ ನಾನು ಆಫೀಸಿನ ಕಂಪ್ಯೂಟರಿನಲ್ಲಿ ಓದಿಕೊಂಡು ಬಂದು ಅಡುಗೆಮನೆಯಲ್ಲಿ ಒಪ್ಪಿಸುತ್ತಿದ್ದೆ. ಇಂಥ ದಾರಿ ಲೆಕ್ಕದಲ್ಲಿ ಇದೆ, ಇದುವರೆಗೆ ಯಾರೂ ಕಂಡಿಲ್ಲ. ಇದ್ದರೂ ಅದು ಯಾರೂ ದಾಟುವ ಮೊದಲೇ ಮುಚ್ಚಿಕೊಂಡುಬಿಡುತ್ತದೆ. ತೆರೆದು ಹಿಡಿಯಬೇಕಾದರೆ, ಎಲ್ಲವನ್ನೂ ಹತ್ತಿರ ಎಳೆದುಕೊಳ್ಳುವ ಬದಲು ದೂರ ತಳ್ಳುವಂಥ ಒಂದು ವಿಚಿತ್ರ ಪದಾರ್ಥ ಬೇಕು. ನನಗೆ ನಮ್ಮ ಬಡಾವಣೆಯ ಸಂಘದ ಕಾರ್ಯದರ್ಶಿಗಳು ನೆನಪಾದರು, ಹೇಳಲಿಲ್ಲ. ಇನ್ನೂ ಒಂದು ತೊಡಕಿತ್ತು. ಈ ಬಿಲವನ್ನೇ ಕಾಲಯಾನದ ಯಂತ್ರ ಮಾಡಿಕೊಂಡರೂ, ಅದನ್ನು ಕಟ್ಟಿದ ದಿನಕ್ಕಿಂತ ಹಿಂದಕ್ಕೆ ಹೋಗುವಂತಿಲ್ಲ. ಇವತ್ತು ಕಟ್ಟಿದರೆ ಮುಂದೆ ಯಾವತ್ತೋ ಇವತ್ತಿಗೆ ವಾಪಸು ಬರಬಹುದು, ಅಷ್ಟೇ. ಇದನ್ನು ಕೇಳಿ ಮಾವನವರ ಮುಖ ಸಣ್ಣದಾಯಿತು. ಇವತ್ತಿಗೆ ಬರಲು ಅವರಿಗೆ ಇಷ್ಟವೇ ಇರಲಿಲ್ಲ. ಅವರಿಗೆ ಬೇಕಾಗಿದ್ದುದು ಹಳೇ ಯಲಹಂಕದ ಮನೆ, ಹಿತ್ತಲ ಬಾವಿ, ಬಚ್ಚಲ ಒಲೆಯ ಮೇಲೆ ಹೊಗೆ ಹಿಡಿದ ಹಂಡೆ, ಆ ಹಂಡೆಯ ಸುಡುಸುಡು ನೀರು. ಆ ಮನೆ ಪಾಲಾಗಿ, ಮಾರಾಟವಾಗಿ, ಈಗ ಅಲ್ಲೊಂದು ಜಿಮ್ ಇದೆ. ಬಾವಿಯಿದ್ದ ಜಾಗದಲ್ಲಿ ಹುಡುಗರು ಓಡುವ ಬೆಲ್ಟಿನ ಮೇಲೆ ಎಷ್ಟು ಓಡಿದರೂ ಅಲ್ಲೇ ಇರುತ್ತಾರೆ.

ಮರುದಿನ ನಾನು ಯಂತ್ರ ಕಟ್ಟುವ ವಿಧಾನವನ್ನು ಹೇಳಿದೆ. ಬಿಲಕ್ಕೆ ಎರಡು ಬಾಯಿ. ಒಂದನ್ನು ಮನೆಯಲ್ಲೇ ಇಡಬೇಕು. ಇನ್ನೊಂದನ್ನು ರಾಕೆಟ್ಟಿಗೆ ಕಟ್ಟಿ ಹೆಚ್ಚುಕಡಿಮೆ ಬೆಳಕಿನಷ್ಟು ಜೋರಾಗಿ ತಿರುಗಾಡಿಸಿ ವಾಪಸು ತರಬೇಕು. ತಿರುಗಾಡಿ ಬಂದದ್ದಕ್ಕೆ ಕಡಿಮೆ ವಯಸ್ಸಾಗಿರುತ್ತದೆ, ಮನೆಯಲ್ಲಿದ್ದದ್ದಕ್ಕೆ ಜಾಸ್ತಿ. ತಿರುಗಾಡಿದ ಬಾಯಿಯೊಳಗೆ ಹೊಕ್ಕರೆ ಮನೆಯ ಬಾಯಿಯಿಂದ ಹಿಂದಿನ ಕಾಲದಲ್ಲಿ ಹೊರಬರಬಹುದು. ಅತ್ತೆ ಹುರುಳಿಕಾಯಿಯ ನಾರು ತೆಗೆಯುತ್ತಾ ಕೂತಿದ್ದವರು ಕೈ ನಿಲ್ಲಿಸಿದರು.

"ತಿರುಗಾಡ್ಕೊಂಡಿದ್ದೋರಿಗೆ ವಯಸ್ಸಾಗಲ್ಲ, ಮನೇಲಿದ್ದೋರಿಗೆ ಆಗತ್ತೆ ಅಂತ ತಾನೆ? ಇದನ್ನ ಕಂಡ್ಹಿಡಿಯೋಕೆ ರಾಕೆಟ್ ಬೇಕಿತ್ತೇನಮ್ಮಾ?" ಎಂದರು.

ಮಾವನವರಿಗೆ ಅದು ಕೇಳಿಸಲಿಲ್ಲ. ಅವರು ಆಗಲೇ ಬೇರೆ ಉಪಾಯದಲ್ಲಿದ್ದರು. ವಿಜ್ಞಾನ ಕೈಬಿಟ್ಟರೇನು, ಸೋಲದೇವನಹಳ್ಳಿಯ ಕಡೆ ಅವರದೊಂದು ಸೈಟು ಖಾಲಿ ಬಿದ್ದಿತ್ತು. ಅಲ್ಲಿ ಹಳೆಯ ಮನೆಯಂಥದ್ದೇ ಒಂದು ಮನೆ ಕಟ್ಟಿಸುವುದು. ಕಾವಿ ನೆಲ, ಹಿತ್ತಲಲ್ಲಿ ಬಾವಿ, ರುಬ್ಬಲು ಒರಳು, ಸ್ನಾನಕ್ಕೆ ಸೌದೆ ಒಲೆ. ಗೀಸರಿಲ್ಲ, ಮಿಕ್ಸಿಯಿಲ್ಲ. ಅಲ್ಲಿಗೆ ಗಂಡ ಹೆಂಡತಿ ಇಬ್ಬರೇ ಹೋಗಿ ಇರುವುದು. ಮೇಸ್ತ್ರಿಯನ್ನು ಕರೆಸಿ ಮಾತಾಡಿಯೂ ಆಯಿತು. ದೀಪಾವಳಿ ಕಳೆದ ತಕ್ಷಣ ಪಾಯ. ಕೆರೆಯ ಸುತ್ತ ನಡೆಯುವ ಅವರ ಗೆಳೆಯರೆಲ್ಲ ಭೇಷ್ ಎಂದರು. ಅವರಲ್ಲಿ ಒಬ್ಬರಾದರೂ ಜೀವಮಾನದಲ್ಲಿ ಒಂದು ಕೊಡ ನೀರು ಸೇದಿದವರಾಗಿದ್ದರೆ ಏನನ್ನುತ್ತಿದ್ದರೋ.

ಇಲ್ಲಿ ನನ್ನ ವಿಷಯವನ್ನೂ ಒಂದಿಷ್ಟು ಹೇಳಬೇಕು, ಇಲ್ಲವಾದರೆ ಮಾವನವರನ್ನು ಮಾತ್ರ ಆಡಿಕೊಂಡ ಹಾಗಾಗುತ್ತದೆ. ನಾನು ಬೆಳೆದದ್ದು ಮತ್ತಿಕೆರೆಯ ಒಂದು ವಠಾರದಲ್ಲಿ. ಎಲ್ಲರಿಗೂ ಸೇರಿ ಒಂದು ನಲ್ಲಿ. ಬೆಳಕು ಹರಿಯುವ ಮೊದಲೇ ಕೊಡಗಳು ಸಾಲಾಗಿ ಕೂತಿರುತ್ತಿದ್ದವು. ನಮ್ಮದು ಸೊಟ್ಟ ಕಂಠದ ಹಿತ್ತಾಳೆ ಕೊಡ. ಅದನ್ನು ಯಾರಾದರೂ ಹಿಂದಕ್ಕೆ ಸರಿಸಿಬಿಟ್ಟಾರು ಎಂದು ಅಮ್ಮ ನನ್ನನ್ನು ಅದರ ಪಕ್ಕ ಕೂರಿಸಿ ಹೋಗುತ್ತಿದ್ದಳು. ನಾನು ಶಾಲು ಹೊದ್ದು, ಯಶವಂತಪುರದ ಕಡೆಯಿಂದ ರೈಲು ಕೂಗುವುದನ್ನು ಕೇಳುತ್ತಾ, ಕೊಡಕ್ಕೆ ಒರಗಿ ನಿದ್ದೆ ಮಾಡುತ್ತಿದ್ದೆ. ಕೊಡದ ತಣ್ಣಗಿನ ಹೊಟ್ಟೆಯ ಮೇಲೆ ಕೆನ್ನೆ ಇಟ್ಟರೆ ಎಂಥ ಸುಖ. ಈ ನೆನಪನ್ನು ನಾನು ಒಮ್ಮೆ ಚೆನ್ನಾಗಿ ಬರೆದು ವಾಟ್ಸಾಪಿನಲ್ಲಿ ಹಾಕಿ ಎಲ್ಲರಿಂದ ಹೂವು, ಕೈಮುಗಿಯುವ ಚಿತ್ರಗಳನ್ನು ಗಳಿಸಿದ್ದೆ. ಅಮ್ಮ ಮಾತ್ರ ಏನನ್ನೂ ಹಾಕಲಿಲ್ಲ. ಕೇಳಿದರೆ, ನೀನು ಮಲಗಿದ್ದೆ, ನಾನು ನೀರು ಹೊತ್ತೆ ಎಂದಳು. ಹಾಗಾಗಿ ಹಳೆಯ ಕಾಲದ ಸುಖ ಯಾರ ಪಾಲಿಗೆ ಬಂದಿತ್ತು ಎಂಬುದು ನನಗೆ ಅಷ್ಟಿಷ್ಟು ಗೊತ್ತಿತ್ತು.

ಅತ್ತೆ ಮನೆ ಕಟ್ಟುವುದು ಬೇಡ ಎಂದು ಒಮ್ಮೆಯೂ ಅನ್ನಲಿಲ್ಲ. ಗಂಡನಿಗೆ ಎದುರು ಬೇಡ ಎನ್ನುವ ಅಭ್ಯಾಸವೇ ಅವರಿಗಿರಲಿಲ್ಲ. ಮೂದಲಿಸುವುದು ಬೇರೆ, ಬೇಡ ಎನ್ನುವುದು ಬೇರೆ. ಈ ವಯಸ್ಸಿಗೆ ಅವರದು ಅಂತ ಒಂದಿಷ್ಟು ಸುಖ ಬಂದಿತ್ತು. ಸಂಜೆ ಕೆರೆಯ ಹತ್ತಿರದ ಬೆಂಚು, ನಾಲ್ಕು ಜನ ಗೆಳತಿಯರು, ಚುರುಮುರಿ. ಬೆಳಿಗ್ಗೆ ಗೀಸರಿನ ಸ್ವಿಚ್ಚು. ಆ ಸ್ವಿಚ್ಚನ್ನು ಬೇರೆಯವರು ಹಾಕಲು ಬಿಡುತ್ತಿರಲಿಲ್ಲ. ಕೆಂಪು ದೀಪ ಹತ್ತುವುದನ್ನು ನಿಂತು ನೋಡಿಯೇ ಹೋಗುತ್ತಿದ್ದರು. ಒಂದು ದಿನ ಅಡುಗೆಮನೆಯಲ್ಲಿ ನಾವಿಬ್ಬರೇ ಇದ್ದಾಗ ಒಗ್ಗರಣೆ ಸೌಟು ಹಿಡಿದುಕೊಂಡೇ ಹೇಳಿದರು.

"ಸುಮಾ, ಅಲ್ಲಿಂದ ಇಲ್ಲಿಗೆ ಬರೋಕೆ ನಂಗೆ ನಲವತ್ತು ವರ್ಷ ಹಿಡೀತು ಕಣಮ್ಮ. ಮತ್ತೆ ಅಲ್ಲಿಗೇ ಕರ್ಕೊಂಡ್ ಹೋಗ್ತಾರಂತೆ."

ಅವತ್ತು ರಾತ್ರಿಯೇ ಗಂಡನಿಗೆ ಹೇಳಿದೆ. ಇವರು, ಅಪ್ಪನ ಹುಚ್ಚು ಹಬ್ಬ ಕಳೆಯುವ ಹೊತ್ತಿಗೆ ಇಳಿಯುತ್ತದೆ ಬಿಡು ಎಂದು ಮಗ್ಗುಲು ಬದಲಿಸಿದರು. ತಿರುಗಾಡುವವರ ವಂಶ.

ಹಬ್ಬ ಬಂತು. ನಿಮಗೆ ಗೊತ್ತಲ್ಲ, ನರಕ ಚತುರ್ದಶಿಯ ಹಿಂದಿನ ಸಂಜೆ ನೀರು ತುಂಬುವ ಹಬ್ಬ. ಹಂಡೆಯನ್ನು ಬೆಳಗಿ, ಸುಣ್ಣ ಕೆಮ್ಮಣ್ಣಿನ ಪಟ್ಟೆ ಬಳಿದು, ಕೊರಳಿಗೆ ಬಳ್ಳಿ ಸುತ್ತಿ, ಹೊಸ ನೀರು ತುಂಬಿ ಪೂಜೆ ಮಾಡಿ, ಬೆಳಗಿನ ಜಾವ ಅದೇ ನೀರು ಕಾಯಿಸಿ ಎಣ್ಣೆ ಸ್ನಾನ. ಗೀಸರು ಬಂದ ಮೇಲೆ ನಮ್ಮ ಮನೆಯಲ್ಲಿ ಒಂದು ಪ್ಲಾಸ್ಟಿಕ್ ಬಕೆಟ್ಟಿಗೆ ಕುಂಕುಮ ಇಟ್ಟು ಈ ಹಬ್ಬವನ್ನು ಮುಗಿಸುತ್ತಿದ್ದೆವು. ಆ ವರ್ಷ ಮಾವ ಹಾಗೆ ಆಗಕೂಡದು ಎಂದರು. ಹೊಸ ಮನೆಗೆ ಹೋಗುವ ಮೊದಲು ಇಲ್ಲೇ ಒಂದು ರಿಹರ್ಸಲ್. ಹಳೇ ಮನೆಯಿಂದ ತಂದಿದ್ದ ಬಾಲ್ಕನಿಯ ಹಂಡೆಯಿಂದ ಮನಿ ಪ್ಲಾಂಟನ್ನು ಬೇರುಸಹಿತ ಬಕೆಟ್ಟಿಗೆ ವರ್ಗ ಮಾಡಿದರು. ಹುಣಸೆಹಣ್ಣು ಹಚ್ಚಿ ಹಂಡೆಯನ್ನು ಫಳಫಳ ಬೆಳಗಿದರು. ತಳದ ಮಸಿಯನ್ನು ಮಾತ್ರ ಮುಟ್ಟಲಿಲ್ಲ, ಹಂಡೆಯ ತಳದ ಮಸಿಯನ್ನು ಯಾರು ತಿಕ್ಕುತ್ತಾರೆ? ಟೆರೇಸಿನ ಮೂಲೆಯಲ್ಲಿ ಮೂರು ಸೈಜುಗಲ್ಲಿನ ಒಲೆ, ಅದರ ಮೇಲೆ ಹಂಡೆ. ಪಕ್ಕದಲ್ಲೇ ಸಿಂಟೆಕ್ಸ್ ಟ್ಯಾಂಕು. ಮಾವ ಅದಕ್ಕೆ ಪೈಪು ಸಿಕ್ಕಿಸಲು ಹೋದರು.

ಅತ್ತೆ ಮೆಟ್ಟಿಲು ಹತ್ತಿ ಬಂದು ಬೆತ್ತದ ಕುರ್ಚಿಯಲ್ಲಿ ಕೂತಿದ್ದರು. "ಆಗ ಸಿಂಟೆಕ್ಸ್ ಎಲ್ಲಿತ್ತು?" ಎಂದರು.

ಮಾತು ಸರಿಯಾಗಿತ್ತು. ಹಿಂದಕ್ಕೆ ಹೋಗುವುದಾದರೆ ಸರಿಯಾಗಿಯೇ ಹೋಗಬೇಕು. ಮಾವ ಕೆಳಗಿಳಿದು ಸಂಪಿನ ಮುಚ್ಚಳ ತೆಗೆದು, ಹಗ್ಗ ಕಟ್ಟಿದ ಬಕೆಟ್ಟು ಇಳಿಬಿಟ್ಟು, ನೀರು ಸೇದಿ ಕೊಡಕ್ಕೆ ತುಂಬಿಸಿ ಮೇಲಕ್ಕೆ ಹೊತ್ತರು. ಮೊದಲ ಕೊಡವನ್ನು ಹುರುಪಿನಿಂದ ತಂದರು. ಎರಡನೆಯದರಲ್ಲಿ ಮೆಟ್ಟಿಲ ತಿರುವಿನಲ್ಲಿ ನಿಂತರು. ಆಮೇಲೆ ಕೊಡ ಅರ್ಧರ್ಧ ಬರತೊಡಗಿತು. ನಾನು ಸಹಾಯಕ್ಕೆ ಹೋದರೆ ಅತ್ತೆ ಕಣ್ಣಲ್ಲೇ ಬೇಡ ಎಂದರು. ಅವರು ಕೂತ ಭಂಗಿ, ಸೆರಗು ಹೊದ್ದ ರೀತಿ ನಾನು ಎಂದೂ ನೋಡಿರದಂಥದ್ದು. ಗೋಡೆಯ ಮೇಲಿನ ಫೋಟೋದಲ್ಲಿರುವ ಮಾವನವರ ತಾಯಿಯೇ ಬಂದು ಕೂತ ಹಾಗಿತ್ತು.

"ಅರ್ಧ ಕೊಡ ತಂದ್ರೆ ಹಂಡೆ ಯಾವಾಗ ತುಂಬತ್ತೆ? ಮೈ ಬಗ್ಗಲ್ವಾ?" ಎಂದರು. ಮಾವ ಚಕ್ಕನೆ ತಿರುಗಿ ನೋಡಿದರು. ಆ ಮಾತು ಯಾರದೆಂದು ಅವರಿಗೆ ಗೊತ್ತಾಗಿತ್ತು. ಭಾನುವಾರ ಹಾಸಿಗೆಯಲ್ಲಿ ಮಲಗಿಕೊಂಡೇ ಎಷ್ಟೋ ಸಲ ಕೇಳಿಸಿಕೊಂಡಿರಬೇಕು. ಖಾಲಿ ಕೊಡ ಎತ್ತಿಕೊಂಡು ಕೆಳಗಿಳಿದು ಹೋದರು.

ಕತ್ತಲಾಗುವ ಹೊತ್ತಿಗೆ ಹಂಡೆ ತುಂಬಿತು. ಪಟ್ಟೆ ಬಳಿದು, ಬಳ್ಳಿ ಸುತ್ತಿ, ಪೂಜೆ ಮಾಡಿ, ಸುತ್ತಲೂ ದೀಪವಿಟ್ಟೆವು. ನಿಜ ಹೇಳಬೇಕೆಂದರೆ ಬಹಳ ಚೆನ್ನಾಗಿ ಕಾಣುತ್ತಿತ್ತು, ನಾನೂ ಫೋಟೋ ತೆಗೆದೆ. ಮಾವ ಸೊಂಟ ಹಿಡಿದುಕೊಂಡೇ, ಹೊಸ ಮನೆಯಲ್ಲಿ ಬಾವಿಗೆ ಒಳ್ಳೇ ರಾಟೆ ಹಾಕಿಸುತ್ತೇನೆ ಎಂದರು. ಅಂದರೆ ಹುಚ್ಚು ಇಳಿದಿರಲಿಲ್ಲ.

ಬೆಳಗಿನ ಜಾವ ಎಲ್ಲರೂ ಎಣ್ಣೆ ಹಚ್ಚಿಕೊಂಡು, ಪಂಚೆ, ಹಳೇ ಸೀರೆಗಳಲ್ಲಿ ನಡುಗುತ್ತಾ ಟೆರೇಸು ಹತ್ತಿದೆವು. ಎಲ್ಲೆಲ್ಲೂ ಪಟಾಕಿ ಸದ್ದು. ಮಾವ ಬೆಂಕಿ ಹಚ್ಚಲು ಬಗ್ಗಿದರು. ಸೌದೆ ಒದ್ದೆಯಾಗಿತ್ತು. ನೆಲವೂ ಒದ್ದೆ. ಟಾರ್ಚು ಬಿಟ್ಟು ಹಂಡೆಯೊಳಗೆ ನೋಡಿದರೆ ತಳದಲ್ಲಿ ಒಂದಿಷ್ಟು ಕೆಸರು, ಅದರ ನಡುವೆ ಬೆರಳು ಗಾತ್ರದ ಒಂದು ತೂತು. ಕುಂಡದ ಮಣ್ಣು ಮೆತ್ತಿಕೊಂಡು ಮುಚ್ಚಿಹೋಗಿದ್ದದ್ದು ರಾತ್ರಿಯೆಲ್ಲ ನೆನೆದು ಬಿಟ್ಟುಕೊಂಡಿತ್ತು. ಸಂಜೆಯೆಲ್ಲ ಹೊತ್ತ ನೀರು ಮಳೆ ಪೈಪಿನಲ್ಲಿ ಇಳಿದು ರಸ್ತೆ ಸೇರಿತ್ತು. ಇದು ಯಾರ ಕೆಲಸ ಎಂದು ಮಾವ ಗುಡುಗಿದರು.

"ನಾನೇ ಹೊಡೆಸಿದ್ದು," ಎಂದರು ಅತ್ತೆ. ಸ್ವರ ಏರಿಸಲಿಲ್ಲ. "ಗೀಸರ್ ಹಾಕ್ಸಿದ್ರಲ್ಲ, ಆ ವಾರ. ಗಿಡದೋನು ತೂತೇನ್ ಬೇಡಮ್ಮ, ಜಲ್ಲಿ ಹಾಕಿದ್ರೆ ಸಾಕು ಅಂದ. ನಾನೇ ಹೊಡಿ ಅಂದೆ. ಇನ್ಯಾವತ್ತೂ ಇದಕ್ಕೆ ಯಾರೂ ನೀರು ತುಂಬಬಾರ್ದು ಅಂತ."

ಅಂದರೆ ಹಿಂದಿನ ಸಂಜೆ ಕುರ್ಚಿಯಲ್ಲಿ ಕೂತು ಅರ್ಧ ಕೊಡಕ್ಕೆ ಗದರುವಾಗಲೂ ಅವರಿಗೆ ಗೊತ್ತಿತ್ತು. ನನಗೆ ಆಫೀಸಿನಲ್ಲಿ ಕದ್ದು ಓದಿದ ಕೊನೆಯ ಪಾಠ ನೆನಪಾಯಿತು. ಹಿಂದಕ್ಕೆ ಹೋಗುವ ದಾರಿ ಯಾರಾದರೂ ಮಾಡಹೊರಟರೆ ಪ್ರಕೃತಿಯೇ ಏನಾದರೊಂದು ಮಾಡಿ ಅದನ್ನು ಕೆಡಿಸಿಬಿಡಬಹುದು ಎಂದು ಕೆಲವು ವಿಜ್ಞಾನಿಗಳ ಊಹೆಯಂತೆ. ಇದುವರೆಗೆ ಸಾಬೀತಾಗಿಲ್ಲವಂತೆ. ಅವರು ಯಲಹಂಕದ ಕಡೆ ಬಂದಿರಲಿಲ್ಲ, ಅಷ್ಟೇ.

ಅತ್ತೆ ಇನ್ನೂ ಮುಗಿಸಿರಲಿಲ್ಲ. "ನಿಮಗೆ ಆ ಹಂಡೆ ನೀರಿನ ಬಿಸಿ ನೆನಪಿದೆ. ನಂಗೆ ಅದು ಗೊತ್ತೇ ಇಲ್ಲ. ನಿಮ್ಮಪ್ಪ, ನೀವು, ನಿಮ್ಮ ತಮ್ಮಂದಿರು, ಮಕ್ಕಳು, ಎಲ್ರದ್ದೂ ಆಗಿ ನನ್ ಸರದಿ ಬರೋ ಹೊತ್ಗೆ ತಣ್ಣೀರು. ಹಬ್ಬದ ದಿನಾನೂ ಅಷ್ಟೆ. ನೀವು ಯಾವತ್ತೂ ಕೇಳ್ಲಿಲ್ಲ, ನಾನೂ ಹೇಳ್ಲಿಲ್ಲ. ಆ ಮನೆ ನಂಗೆ ಬೇಡ ರೀ."

ಅವರ ಬಾಯಲ್ಲಿ ಬೇಡ ಎಂಬ ಮಾತನ್ನು ನಾನು ಕೇಳಿದ್ದು ಅದೇ ಮೊದಲು. ಮಾವ ಟಾರ್ಚು ಆರಿಸಿದರು. ಮೇಸ್ತ್ರಿಗೆ ಫೋನು ಮಾಡಿ ಬಾವಿಯೂ ಬೇಡ, ಒಲೆಯೂ ಬೇಡ, ಸದ್ಯಕ್ಕೆ ಮನೆಯೇ ಬೇಡ ಎಂದದ್ದು ಮುಂದಿನ ವಾರ. ಆ ಸೈಟಿನಲ್ಲಿ ಈಗಲೂ ಆಳೆತ್ತರ ಪಾರ್ಥೇನಿಯಂ ಇದೆ. ಅವತ್ತು ಅವರು ನೇರ ಕೆಳಗಿಳಿದು ಹೋಗಿ, ಬಚ್ಚಲ ಹೊರಗಿನ ಗೀಸರಿನ ಸ್ವಿಚ್ಚು ಹಾಕಿ, ಕೆಂಪು ದೀಪ ಹತ್ತುವ ತನಕ ಅಲ್ಲೇ ನಿಂತರು. ಆಮೇಲೆ ಅತ್ತೆಗೆ, ನೀನು ಮೊದಲು ಮಾಡು ಎಂದರು.

ಅತ್ತೆ ಮಾಡಿದರು. ಅಷ್ಟು ಹೊತ್ತು ಅವರು ಸ್ನಾನ ಮಾಡಿದ್ದನ್ನು ನಾನು ನೋಡಿಲ್ಲ. ಬಾಗಿಲ ಸಂದಿಯಿಂದ ಸೀಗೆಪುಡಿಯ ವಾಸನೆ, ಹಬೆ, ನಿಧಾನವಾಗಿ ನೀರು ಸುರಿದುಕೊಳ್ಳುವ ಸದ್ದು. ಆಮೇಲೆ ನಾನು, ಆಮೇಲೆ ನಮ್ಮ ಮನೆಯವರು. ಮಾವ, ಎಲ್ಲರದೂ ಆಗಲಿ ಎಂದು ಎಣ್ಣೆ ಮೈಯಲ್ಲಿ ನಡುಮನೆಯ ಮೂಲೆಯಲ್ಲಿ ಕೂತೇ ಇದ್ದರು. ಮುನಿಸೋ, ಬೇರೆ ಏನೋ, ಕೇಳಲು ಧೈರ್ಯವಾಗಲಿಲ್ಲ. ಅವರ ಸರದಿ ಬಂದಾಗ ಬಿಸಿನೀರು ಮುಗಿದಿತ್ತು, ಯಾರೋ ಸ್ವಿಚ್ಚನ್ನೂ ಆರಿಸಿದ್ದರು. ಅವರು ನೋಡಿದರು, ಹಾಕಲಿಲ್ಲ. ಹಾಗೆಯೇ ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಮೊದಲ ಚೊಂಬು ಸುರಿದ ಸದ್ದಿನ ಜೊತೆ ಹಾ ಎಂಬ ಸದ್ದು ಕೇಳಿತು. ಊರೂರು ತಿರುಗಾಡಿದ ಮನುಷ್ಯ ಕೊನೆಗೂ ಹಿಂದಕ್ಕೆ ಹೋದರು, ಆದರೆ ಹೊರಬಂದದ್ದು ಮನೆಯಲ್ಲಿದ್ದ ಬಾಯಿಯಿಂದ, ಅತ್ತೆಯ ಸರದಿಗೆ.

ಅತ್ತೆ ಒದ್ದೆ ಕೂದಲನ್ನು ಟವೆಲಿನಲ್ಲಿ ಸುತ್ತಿಕೊಂಡು ಬಚ್ಚಲ ಬಾಗಿಲ ಹತ್ತಿರ ಬಂದು ನಿಂತರು.

"ನೀರು ಹೇಗಿದೆ?" ಎಂದು ಕೇಳಿದರು.

ಒಳಗೆ ಚೊಂಬಿನ ಸದ್ದು ನಿಂತಿತು.

"ಗೊತ್ತಾಯ್ತು ಕಣೇ," ಎಂದರು ಮಾವ.

ಅತ್ತೆ ಕೈಚಾಚಿ ಸ್ವಿಚ್ಚು ಹಾಕಿದರು. "ಕಾಯತ್ತೆ ಇರಿ," ಎಂದರು.